ಎಂಜಿಬಿ ಕಾರಿನ ಹಿಂಬದಿ ಪಾಟಾ, ಬುಷ್ ಮತ್ತು ಶ್ಯಾಕಲ್ ಬದಲಾವಣೆ: ಮಲೆನಾಡಿನ ಮಾಲೀಕರಿಗೆ ಸಮಗ್ರ ಮಾರ್ಗದರ್ಶಿ

ಎಂಜಿಬಿ ಎಂಬ ಹಳೆಯ ಬ್ರಿಟಿಷ್ ಸ್ಪೋರ್ಟ್ಸ್ ಕಾರಿನ ಹಿಂದಿನ ಆ್ಯಕ್ಸಲನ್ನು ಅದರ ಜಾಗದಲ್ಲಿ ಹಿಡಿದಿಡುವುದು ಎರಡು ಪಾಟಾಗಳು (ಉಕ್ಕಿನ ಎಲೆಗಳನ್ನು ಜೋಡಿಸಿದ ಸ್ಪ್ರಿಂಗ್‌ಗಳು) ಮಾತ್ರ. ಆ್ಯಕ್ಸಲ್ ಹಿಂದೆ ಮುಂದೆ ಸರಿಯದಂತೆ ತಡೆಯುವ ಪ್ರತ್ಯೇಕ ಸರಳುಗಳಾಗಲಿ, ಪಕ್ಕಕ್ಕೆ ಜಾರದಂತೆ ಹಿಡಿಯುವ ಅಡ್ಡಪಟ್ಟಿಯಾಗಲಿ ಈ ಕಾರಿನಲ್ಲಿಲ್ಲ. ಭಾರ ಹೊರುವುದು, ಚಕ್ರಗಳ ತಳ್ಳುಬಲವನ್ನು ಕಾರಿನ ಬಾಡಿಯತ್ತ ದಾಟಿಸುವುದು, ಬ್ರೇಕ್ ಒತ್ತಿದಾಗ ಆ್ಯಕ್ಸಲ್ ತಿರುಚಿಕೊಳ್ಳದಂತೆ ನೋಡಿಕೊಳ್ಳುವುದು, ತಿರುವಿನಲ್ಲಿ ಅದನ್ನು ನೇರವಾಗಿ ಇಡುವುದು, ಈ ಎಲ್ಲ ಹೊಣೆಯೂ ಪಾಟಾ ಮತ್ತು ಅದರ ಎರಡು ತುದಿಗಳ ತೂತುಗಳಲ್ಲಿ ಕೂರುವ ರಬ್ಬರ್ ಬುಷ್‌ಗಳ ಮೇಲೆಯೇ ಬೀಳುತ್ತದೆ. ಆದ್ದರಿಂದ ಹಿಂಬದಿಯ ಕೆಲಸವನ್ನು ‘ಕಾರು ಕುಗ್ಗಿದೆ, ಸ್ವಲ್ಪ ಎತ್ತರಿಸೋಣ’ ಎಂಬ ದೃಷ್ಟಿಯಿಂದ ಆರಂಭಿಸಬಾರದು. ಆ್ಯಕ್ಸಲನ್ನು ಅದರ ನಿಜವಾದ ಸ್ಥಾನಕ್ಕೆ ತಂದು, ಅಲ್ಲಿಯೇ ಉಳಿಯುವಂತೆ ಮಾಡುವುದೇ ಈ ಕೆಲಸದ ಗುರಿ. ಎತ್ತರ ಅದರ ಹಿಂದೆಯೇ ಸರಿಹೋಗುತ್ತದೆ.

ಚಿಕ್ಕಮಗಳೂರಿನ ಸುತ್ತ ಇಂಥ ಕಾರನ್ನು ಇಟ್ಟುಕೊಂಡವರಿಗೆ ಈ ಮಾತು ಬಯಲುಸೀಮೆಯವರಿಗಿಂತ ಹೆಚ್ಚು ಅನ್ವಯಿಸುತ್ತದೆ. ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಘಾಟಿ ಇಳಿಯುವಾಗ, ಕೈಮರದಿಂದ ಗಿರಿಯ ಕಡೆಗೆ ಏರುವಾಗ, ತಿರುವಿನ ಹಿಂದೆಯೇ ತಿರುವು ಬರುತ್ತದೆ; ಪ್ರತಿ ತಿರುವಿನಲ್ಲಿಯೂ ಆ್ಯಕ್ಸಲ್ ಕೆಲವೇ ಮಿಲಿಮೀಟರಿನಷ್ಟು ಓರೆಯಾದರೂ ಸಾಕು, ಸ್ಟೇರಿಂಗ್ ಮುಟ್ಟದೆಯೇ ಕಾರು ಹಿಂದಿನಿಂದ ದಿಕ್ಕು ಬದಲಿಸಿದಂತಾಗುತ್ತದೆ. ಮಳೆಗಾಲದಲ್ಲಿ ತೋಟದ ಕೆಮ್ಮಣ್ಣು ಪಾಟಾದ ತುದಿಗಳನ್ನು ಹಿಡಿಯುವ ತಗಡಿನ ಹ್ಯಾಂಗರ್‌ಗಳೊಳಗೆ ಸೇರಿ, ತಿಂಗಳುಗಟ್ಟಲೆ ತೇವವನ್ನು ಹಿಡಿದಿಟ್ಟುಕೊಂಡು, ಬೋಲ್ಟ್ ಮತ್ತು ಬುಷ್‌ಗಳನ್ನು ಒಳಗಿನಿಂದ ತಿನ್ನುತ್ತದೆ.

1962ರಿಂದ 1980ರವರೆಗೆ ಇಂಗ್ಲೆಂಡಿನ ಅಬಿಂಗ್ಡನ್‌ನಲ್ಲಿ 5 ಲಕ್ಷಕ್ಕೂ ಹೆಚ್ಚು ಎಂಜಿಬಿಗಳು ತಯಾರಾದವು. ಅಷ್ಟು ದೊಡ್ಡ ಸಂಖ್ಯೆಯ ಕಾರಣ ಬಿಡಿಭಾಗಗಳು ಇಂದಿಗೂ ಹೊಸದಾಗಿ ತಯಾರಾಗುತ್ತಿವೆ. ಹೀಗಿರುವಾಗ ಸವೆದ ಭಾಗವನ್ನು ಹೇಗೋ ಹೊಂದಿಸಿಕೊಂಡು ಘಾಟಿ ಇಳಿಯುವುದಕ್ಕೆ ಸಮರ್ಥನೆಯಿಲ್ಲ.

ಸವೆತವನ್ನು ಗುರುತಿಸುವುದು

ಸ್ಪ್ಯಾನರ್ ಹಿಡಿಯುವ ಮೊದಲು ಅಳತೆಪಟ್ಟಿ ಹಿಡಿಯಬೇಕು. ನಾಲ್ಕೂ ಟೈರುಗಳಿಗೆ ನಿಗದಿತ ಗಾಳಿ ತುಂಬಿಸಿ, ಡಿಕ್ಕಿಯಲ್ಲಿರುವ ಸಾಮಾನು ಇಳಿಸಿ, ಕಾರನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ. ಸಮತಟ್ಟು ಎನ್ನುವುದನ್ನು ಕಣ್ಣಂದಾಜಿಗೆ ಬಿಡಬೇಡಿ. ನಮ್ಮ ಕಡೆ ಇಂಥ ಕೆಲಸಕ್ಕೆ ಕಾಫಿ ಒಣಗಿಸುವ ಕಣವೇ ಸಿಗುವ ಅತ್ಯುತ್ತಮ ನೆಲ, ಆದರೆ ಮಳೆನೀರು ನಿಲ್ಲಬಾರದೆಂದು ಕಣಕ್ಕೆ ಒಂದು ಬದಿಗೆ ಇಳಿಜಾರು ಕೊಟ್ಟಿರುತ್ತಾರೆ. ಗಾರೆ ಕೆಲಸದವರು ಬಳಸುವ ನೀರಿನ ಟ್ಯೂಬ್ ತಂದು ನಾಲ್ಕು ಚಕ್ರಗಳು ನಿಲ್ಲುವ ಜಾಗದ ಮಟ್ಟ ನೋಡಿ, ವ್ಯತ್ಯಾಸವಿದ್ದರೆ ಪ್ಲೈವುಡ್ ತುಂಡು ಕೊಟ್ಟು ಸರಿಮಾಡಿಕೊಳ್ಳಬೇಕು.

ನಂತರ ಪ್ರತಿ ಚಕ್ರದ ಹಬ್‌ನ ನಡುಬಿಂದುವಿನಿಂದ ನೇರ ಮೇಲಕ್ಕೆ ಮಡ್‌ಗಾರ್ಡ್ ಅಂಚಿನವರೆಗಿನ ಎತ್ತರವನ್ನು ಅಳೆದು ಬರೆದಿಟ್ಟುಕೊಳ್ಳಿ. ಹಿಂದೆ ಎಡ ಬಲಗಳ ನಡುವೆ ವ್ಯತ್ಯಾಸ ಕಂಡ ಮಾತ್ರಕ್ಕೆ ಹಿಂದಿನ ಪಾಟಾವೇ ಕುಗ್ಗಿದೆಯೆಂದು ತೀರ್ಮಾನಿಸಬಾರದು, ಏಕೆಂದರೆ ಮುಂದಿನ ಒಂದು ಸ್ಪ್ರಿಂಗ್ ಕುಗ್ಗಿದ್ದರೂ ಇಡೀ ಕಾರು ಓರೆಯಾಗಿ ನಿಲ್ಲುತ್ತದೆ. ಇದನ್ನು ಬೇರ್ಪಡಿಸಲು ಸರಳವಾದ, ನಂಬಬಹುದಾದ ಒಂದು ಪರೀಕ್ಷೆಯಿದೆ. ಮುಂದಿನ ಕ್ರಾಸ್‌ಮೆಂಬರ್‌ನ (ಮುಂದಿನ ಚಕ್ರಗಳ ನಡುವಿನ ಗಟ್ಟಿ ಅಡ್ಡತೊಲೆ) ಸರಿಯಾದ ಮಧ್ಯಕ್ಕೆ ಜಾಕ್ ಕೊಟ್ಟು ಮುಂದಿನ ಎರಡೂ ಚಕ್ರಗಳು ನೆಲ ಬಿಡುವಷ್ಟು ಮಾತ್ರ ಎತ್ತಿ. ಈಗ ಕಾರಿನ ಮುಂಭಾಗ ಒಂದೇ ಬಿಂದುವಿನ ಮೇಲೆ ನಿಂತಿರುವುದರಿಂದ ಓರೆಯನ್ನು ನಿರ್ಧರಿಸುವುದು ಹಿಂದಿನ ಪಾಟಾಗಳು ಮಾತ್ರ. ಓರೆ ಹಾಗೆಯೇ ಉಳಿದರೆ ದೋಷ ಹಿಂದಿದೆ, ಮಾಯವಾದರೆ ಮುಂದಿದೆ. ಜಾಕಿನ ಮೇಲೆ ಹೀಗೆ ನಿಂತಿರುವಾಗ ಯಾರೂ ಕಾರಿನ ಕೆಳಗೆ ಹೋಗಬಾರದು.

ಬುಷ್‌ಗಳ ಪರೀಕ್ಷೆಗೆ ಒಂದು ಉದ್ದನೆಯ ಸಬ್ಬಲ್ ಮತ್ತು ಒಳ್ಳೆಯ ಟಾರ್ಚ್ ಸಾಕು. ಪಾಟಾದ ಕಣ್ಣು (ತುದಿಯ ಸುರುಳಿಯ ತೂತು) ಮತ್ತು ಹ್ಯಾಂಗರ್ ನಡುವೆ ಸಬ್ಬಲ್ ಇಟ್ಟು ನಿಧಾನವಾಗಿ ಮೀಟಿದಾಗ ರಬ್ಬರ್ ಬಾಗಬೇಕೇ ಹೊರತು ಲೋಹ ಲೋಹಕ್ಕೆ ತಾಗುವ ಸದ್ದು ಬರಬಾರದು. ಪಾಟಾದ ಹಿಂದಿನ ತುದಿಯನ್ನು ಹ್ಯಾಂಗರಿಗೆ ಜೋಡಿಸುವ ಶ್ಯಾಕಲ್ ಪಟ್ಟಿಗಳ ಸುತ್ತ ಕಂದುಗೆಂಪು ಹುಡಿ ಕಾಣಿಸಿದರೆ ಅಲ್ಲಿ ಪಿನ್ ಮತ್ತು ಲೋಹ ಉಜ್ಜುತ್ತಿವೆ ಎಂದೇ ಅರ್ಥ. ಗೇರ್ ಹಾಕಿ ಕ್ಲಚ್ ಬಿಟ್ಟಾಗ ಹಿಂದಿನಿಂದ ‘ಟಕ್’ ಎಂಬ ಒಂದೇ ಸದ್ದು ಬಂದರೆ ಮುಂದಿನ ಕಣ್ಣಿನ ಬುಷ್ ಅಥವಾ ಆ್ಯಕ್ಸಲನ್ನು ಪಾಟಾಗೆ ಬಿಗಿಯುವ, ಈಗ ಸಡಿಲವಾದ ಯೂ ಬೋಲ್ಟ್ ಕಡೆ ಮೊದಲು ನೋಡಿ. ಗೇರ್‌ಬಾಕ್ಸಿನಿಂದ ಹಿಂದಿನ ಆ್ಯಕ್ಸಲಿಗೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್ ಸವೆದಿದ್ದರೂ, ವೈರ್ ವ್ಹೀಲ್ (ತಂತಿ ಕಡ್ಡಿಗಳ ಚಕ್ರ) ಇರುವ ಕಾರಿನಲ್ಲಿ ಹಬ್‌ನ ಹಲ್ಲುಗಳು ಸವೆದಿದ್ದರೂ ಇದೇ ಸದ್ದು ಬರುತ್ತದೆ, ಆದ್ದರಿಂದ ಅವನ್ನೂ ಕೈಯಿಂದ ಅಲುಗಾಡಿಸಿ ನೋಡಿದ ಮೇಲೆಯೇ ತೀರ್ಮಾನಕ್ಕೆ ಬನ್ನಿ.

ಪಾಟಾದ ಎಲೆಗಳನ್ನು ವೈರ್ ಬ್ರಷ್‌ನಿಂದ ಉಜ್ಜಿ, ಎಲೆಗಳನ್ನು ನಡುವೆ ಒಟ್ಟಿಗೆ ಹಿಡಿಯುವ ಸೆಂಟರ್ ಬೋಲ್ಟಿನ ಹತ್ತಿರ ಮತ್ತು ಕ್ಲಿಪ್ಪುಗಳ ಬಳಿ ಬಿರುಕು ಹುಡುಕಿ. ಎಲೆ ಮುರಿಯುವುದು ಸಾಮಾನ್ಯವಾಗಿ ಸೆಂಟರ್ ಬೋಲ್ಟಿನ ತೂತಿನಲ್ಲಿ, ಪ್ಯಾಡಿನ ಅಡಿಯಲ್ಲಿ, ಹೊರಗೆ ಕಾಣದ ಕಡೆ.

ಏನನ್ನು ತರಿಸಬೇಕು, ಏನನ್ನು ಬೇಡವೆನ್ನಬೇಕು

ಒಂದು ಬದಿಯದನ್ನು ಮಾತ್ರ ಬದಲಿಸುವ ಯೋಚನೆ ಬೇಡ. ಹೊಸ ಪಾಟಾ ಮತ್ತು ಹಳೆಯ ಪಾಟಾ ಒಂದೇ ಆ್ಯಕ್ಸಲಿನ ಎರಡು ತುದಿಗಳಲ್ಲಿದ್ದರೆ ಭಾರ ಬಿದ್ದಾಗ ಎರಡೂ ಬೇರೆ ಬೇರೆ ಪ್ರಮಾಣದಲ್ಲಿ ಬಾಗುತ್ತವೆ, ಕಾರು ಮತ್ತೆ ಓರೆಯಾಗುತ್ತದೆ. ಪಟ್ಟಿಯಲ್ಲಿ ಇವಿಷ್ಟು ಇರಲಿ: ಎರಡು ಪಾಟಾ, ಮುಂದಿನ ಕಣ್ಣಿಗೆ ಉಕ್ಕಿನ ಕವಚವಿರುವ ಎರಡು ಬುಷ್, ಹಿಂದಿನ ಶ್ಯಾಕಲ್‌ಗಳಿಗೆ ಎಂಟು ಅರ್ಧ ಬುಷ್, ಎರಡು ಶ್ಯಾಕಲ್ ಸೆಟ್, ಆ್ಯಕ್ಸಲಿನ ಜಾಗದಲ್ಲಿ ಪಾಟಾದ ಮೇಲೂ ಕೆಳಗೂ ಕೂರುವ ನಾಲ್ಕು ರಬ್ಬರ್ ಪ್ಯಾಡ್, ನಾಲ್ಕು ಯೂ ಬೋಲ್ಟ್ ಅವುಗಳ ನಟ್ ಸಮೇತ, ಮುಂದಿನ ಕಣ್ಣಿನ ಎರಡು ಬೋಲ್ಟ್, ಬಂಪ್ ರಬ್ಬರ್ ಮತ್ತು ಆ್ಯಕ್ಸಲ್ ಕೆಳಕ್ಕೆ ಜೋಲದಂತೆ ತಡೆಯುವ ಚೆಕ್ ಸ್ಟ್ರ್ಯಾಪ್ ಎರಡೆರಡು.

ಆರ್ಡರ್ ಕೊಡುವಾಗ ಕಾರಿನ ವರ್ಷ ಮತ್ತು ಮಾದರಿಯನ್ನು ಸ್ಪಷ್ಟವಾಗಿ ಹೇಳಬೇಕು. ತೆರೆದ ರೋಡ್‌ಸ್ಟರ್ ಮತ್ತು ಜಿಟಿ ಕೂಪೆಗಳ ಹಿಂಬದಿ ಭಾರ ಬೇರೆಯಾದ್ದರಿಂದ ಪಾಟಾಗಳೂ ಬೇರೆ. ಕ್ರೋಮ್ ಬಂಪರಿನ ಕಾರು ಮತ್ತು 1974ರ ಕೊನೆಯಲ್ಲಿ ಬಂದ ಕಪ್ಪು ರಬ್ಬರ್ ಬಂಪರಿನ ಕಾರುಗಳ ನಡುವೆಯೂ ವ್ಯತ್ಯಾಸವಿದೆ: ಅಮೆರಿಕದ ನಿಯಮಗಳಿಗಾಗಿ ಆಗ ಕಾರಿನ ಎತ್ತರವನ್ನು ಸುಮಾರು ಒಂದೂವರೆ ಇಂಚು ಏರಿಸಲಾಯಿತು. ತಪ್ಪು ಪಾಟಾ ಬಂದರೂ ಅದು ಬೋಲ್ಟಿಗೆ ಕೂರುತ್ತದೆ. ಕಾರು ನೆಲಕ್ಕಿಳಿದ ಮೇಲೆಯೇ ತಪ್ಪು ಗೊತ್ತಾಗುವುದು.

ಹಾಸನದ ಬಿ.ಎಂ. ರಸ್ತೆಯ ಉದ್ದಕ್ಕೂ, ಚಿಕ್ಕಮಗಳೂರಿನಲ್ಲಿಯೂ ಲಾರಿ ಪಾಟಾ ಕೆಲಸ ಮಾಡುವ ನುರಿತ ಕೈಗಳಿವೆ. ಹಳೆಯ ಪಾಟಾವನ್ನೇ ಅವರಲ್ಲಿ ಬಾಗಿಸಿಕೊಂಡು ಬರಬಹುದಲ್ಲ ಎಂಬ ಪ್ರಶ್ನೆ ಸಹಜ. ಬಿರುಕಿಲ್ಲದ ಎಲೆಗಳನ್ನು ಕಾಯಿಸದೆ, ತಣ್ಣಗಿರುವಾಗಲೇ ಬಡಿದು ಬಾಗು ಕೊಡುವುದರಿಂದ ಸ್ವಲ್ಪ ಕಾಲ ಪ್ರಯೋಜನವಾಗುತ್ತದೆ, ಆದರೆ ದಣಿದ ಉಕ್ಕು ಬೇಗ ಮತ್ತೆ ಕುಗ್ಗುತ್ತದೆ. ಕುಲುಮೆಯಲ್ಲಿ ಕಾಯಿಸಿ ಬಾಗಿಸುವುದಾದರೆ ಅದರ ಜೊತೆಗೆ ಇಡೀ ಎಲೆಯನ್ನು ಸುಮಾರು 900 ಡಿಗ್ರಿಗೆ ಏರಿಸಿ ಎಣ್ಣೆಯಲ್ಲಿ ಅದ್ದಿ, ಬಳಿಕ 400ರಿಂದ 550 ಡಿಗ್ರಿಯೊಳಗೆ ಹದಮಾಡುವ ವ್ಯವಸ್ಥೆಯೂ ಇರಬೇಕು. ಹದವಿಲ್ಲದೆ ತಣಿದ ಎಲೆ ಒಂದೋ ಬಾಗಿಯೇ ಉಳಿಯುತ್ತದೆ, ಇಲ್ಲವೇ ಗಾಜಿನಂತೆ ಮುರಿಯುತ್ತದೆ. ಹೊಸ ಪಾಟಾ ಸಿಗುವವರೆಗೆ ನಾನು ಒಪ್ಪುವುದು ತಣ್ಣನೆಯ ಬಾಗಿಸುವಿಕೆಯನ್ನು ಮಾತ್ರ. ಬುಷ್ ಒತ್ತಿ ತೆಗೆಯಲು ಬೇಕಾದ ಪ್ರೆಸ್ ಈ ಕಾರ್ಯಾಗಾರಗಳಲ್ಲಿ ಇರುವುದರಿಂದ ಅವರ ಸಹಾಯ ಹೇಗೂ ಬೇಕೇ ಬೇಕು.

ಪಾಲಿಯುರೆಥೇನ್ ಬುಷ್‌ಗಳ ಬಗ್ಗೆ ಇಂದು ಬಹಳ ಒಲವಿದೆ. ಅವು ರಬ್ಬರಿನಷ್ಟು ಬೇಗ ಹಾಳಾಗುವುದಿಲ್ಲ ಎನ್ನುವುದು ನಿಜ. ಆದರೆ ತೋಟದ ದಾರಿಯಲ್ಲಿ ಒಂದು ಚಕ್ರ ಗುಂಡಿಗಿಳಿದು ಇನ್ನೊಂದು ದಿಣ್ಣೆ ಹತ್ತಿದಾಗ ಪಾಟಾ ತನ್ನ ಉದ್ದಕ್ಕೂ ತಿರುಚಿಕೊಳ್ಳುತ್ತದೆ, ಆ ತಿರುಚನ್ನು ನುಂಗುವುದು ಕಣ್ಣಿನ ಬುಷ್‌ನ ಮೃದುತ್ವ. ಬುಷ್ ಗಡುಸಾದಷ್ಟೂ ಆ ಒತ್ತಡ ಹ್ಯಾಂಗರಿನ ತಗಡಿಗೆ ಹೋಗುತ್ತದೆ. ಅರ್ಧ ಶತಮಾನ ಕಂಡ ತಗಡಿಗೆ ಆ ಹೊರೆ ಹೊರಿಸುವುದು ನನಗೆ ಸರಿ ಕಾಣುವುದಿಲ್ಲ, ಆದ್ದರಿಂದ ನನ್ನ ಆಯ್ಕೆ ಒಳ್ಳೆಯ ರಬ್ಬರ್ ಬುಷ್. ಎತ್ತರ ತಗ್ಗಿಸಲು ಪಾಟಾ ಮತ್ತು ಆ್ಯಕ್ಸಲ್ ನಡುವೆ ಇಡುವ ಬ್ಲಾಕ್‌ಗಳು ನಮ್ಮ ರಸ್ತೆಗಳಿಗೆ ಬೇಡವೇ ಬೇಡ.

ನೆಲ, ಕಾಲ, ಉಪಕರಣ

ಡಿಸೆಂಬರಿನಿಂದ ಮಾರ್ಚ್‌ವರೆಗೆ ಕಣ ಕಾಫಿಯದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆಯದು. ಉಳಿದ ತಿಂಗಳುಗಳಲ್ಲಿ ಒಣ ದಿನ ನೋಡಿ, ಇಲ್ಲವಾದರೆ ಕಾಂಕ್ರೀಟ್ ನೆಲದ ಶೆಡ್ಡಿನಲ್ಲಿ ಕೆಲಸ ಇಟ್ಟುಕೊಳ್ಳಿ.

ಈ ಕಾರಿನ ನಟ್ ಬೋಲ್ಟುಗಳು ಇಂಚಿನ ಲೆಕ್ಕದವು, ಮರೆಯು (ಥ್ರೆಡ್) ಯುಎನ್‌ಎಫ್ ಎಂಬ ಇಂಚಿನ ಸಣ್ಣ ಮರೆಯ ಮಾದರಿಯದು. ನಮ್ಮ ಅಂಗಡಿಗಳ ಮಿಲಿಮೀಟರ್ ಸ್ಪ್ಯಾನರ್‌ಗಳಲ್ಲಿ 13 ಮತ್ತು 19 ಹೇಗೋ ಅರ್ಧ ಇಂಚು ಮತ್ತು ಮುಕ್ಕಾಲು ಇಂಚಿನ ನಟ್‌ಗಳಿಗೆ ಹೊಂದಿಕೊಳ್ಳುತ್ತವೆ. 9/16 ಇಂಚಿನ ನಟ್‌ಗೆ ಮಾತ್ರ 14 ಏರುವುದಿಲ್ಲ, 15 ಜಾರುತ್ತದೆ. ತುಕ್ಕು ಹಿಡಿದ ನಟ್‌ನ ಮೂಲೆಗಳು ಅಲ್ಲಿಯೇ ಉರುಟಾಗುವುದು. ಇಂಚಿನ ರಿಂಗ್ ಸ್ಪ್ಯಾನರ್ ಮತ್ತು ಸಾಕೆಟ್ ಸೆಟ್ ಕೊಂಡುಕೊಳ್ಳುವುದು ಖರ್ಚಲ್ಲ. ಟಾರ್ಕ್ ರೆಂಚ್ ಕೂಡ ಬೇಕು. ಕಾರಿನ ವರ್ಕ್‌ಶಾಪ್ ಮ್ಯಾನುಯಲ್‌ನಲ್ಲಿ ಬಿಗಿತದ ಅಳತೆ ಪೌಂಡ್-ಅಡಿಯಲ್ಲಿದ್ದರೆ ಅದನ್ನು 1.356ರಿಂದ ಗುಣಿಸಿದಾಗ ನ್ಯೂಟನ್-ಮೀಟರ್ ಸಿಗುತ್ತದೆ.

ನಾಲ್ಕು ಗಟ್ಟಿ ಜಾಕ್ ಸ್ಟ್ಯಾಂಡ್, ಒಂದು ಟ್ರಾಲಿ ಜಾಕ್ ಮತ್ತು ಮುಂದಿನ ಚಕ್ರಗಳಿಗೆ ಕೊಡಲು ಮತ್ತಿಯಂಥ ಗಟ್ಟಿ ಮರದ ಅಡೆಗಳು ಇರಲಿ. ಹ್ಯಾಂಡ್‌ಬ್ರೇಕ್ ಹಿಡಿಯುವುದು ಹಿಂದಿನ ಚಕ್ರಗಳನ್ನು ಮಾತ್ರ, ಹಿಂಭಾಗ ಎತ್ತಿದ ಮೇಲೆ ಅದರಿಂದ ಏನೂ ಉಪಯೋಗವಿಲ್ಲ. ಸಿಮೆಂಟ್ ಬ್ಲಾಕ್ ಮತ್ತು ಸೈಜುಗಲ್ಲುಗಳನ್ನು ಯಾವ ಕಾರಣಕ್ಕೂ ಆಧಾರವಾಗಿ ಬಳಸಬಾರದು, ಅವು ಮುನ್ಸೂಚನೆಯಿಲ್ಲದೆ ಸೀಳುತ್ತವೆ.

ಕೆಲಸಕ್ಕೆ ಕೆಲವು ದಿನ ಮೊದಲೇ ಎಲ್ಲ ನಟ್‌ಗಳನ್ನು ವೈರ್ ಬ್ರಷ್‌ನಿಂದ ಉಜ್ಜಿ ಪೆನಿಟ್ರೇಟಿಂಗ್ ಆಯಿಲ್ ಬಿಡುತ್ತ ಬನ್ನಿ.

ಬಿಚ್ಚುವ ಕ್ರಮ

ಮೊದಲು ಚಕ್ರದ ನಟ್‌ಗಳನ್ನು ಕಾರು ನೆಲದಲ್ಲಿರುವಾಗಲೇ ಸ್ವಲ್ಪ ಸಡಿಲಿಸಿ. ವೈರ್ ವ್ಹೀಲ್ ಇದ್ದರೆ, ಕಾರು ಮುಂದಕ್ಕೆ ಹೋಗುವಾಗ ಚಕ್ರ ತಿರುಗುವ ದಿಕ್ಕಿಗೇ ನಡುವಿನ ದೊಡ್ಡ ನಟ್ ಬಿಚ್ಚಿಕೊಳ್ಳುತ್ತದೆ, ಎರಡೂ ಬದಿಗೆ ಇದೇ ನಿಯಮ. ನಂತರ ಡಿಫರೆನ್ಷಿಯಲ್ ಅಡಿಗೆ ಟ್ರಾಲಿ ಜಾಕ್ ಕೊಟ್ಟು ಹಿಂಭಾಗವನ್ನು ಎತ್ತಿ, ಪಾಟಾದ ಮುಂದಿನ ಹ್ಯಾಂಗರಿಗಿಂತ ತುಸು ಮುಂದೆ, ಬಾಡಿಯ ಗಟ್ಟಿ ಭಾಗದ ಕೆಳಗೆ ಎರಡು ಸ್ಟ್ಯಾಂಡ್ ಇಡಿ. ಆ ಜಾಗದಲ್ಲಿ ತಗಡು ತುಕ್ಕು ತಿಂದು ಮೆತ್ತಗಾಗಿಲ್ಲವೇ ಎಂದು ಸ್ಕ್ರೂಡ್ರೈವರ್‌ನಿಂದ ಒತ್ತಿ ನೋಡಿದ ಮೇಲೆಯೇ ಭಾರ ಇಳಿಸಬೇಕು. ಕಾರನ್ನು ಕೈಯಿಂದ ಬಲವಾಗಿ ಅಲುಗಾಡಿಸಿ, ಸ್ಟ್ಯಾಂಡ್ ಕದಲುವುದಿಲ್ಲವೆಂದು ಖಚಿತಪಡಿಸಿಕೊಂಡು ಚಕ್ರ ತೆಗೆಯಿರಿ.

ಟ್ರಾಲಿ ಜಾಕ್ ಆ್ಯಕ್ಸಲಿನ ಅಡಿಯಲ್ಲಿಯೇ ಇರಲಿ. ಬಾಡಿಯಿಂದ ಆ್ಯಕ್ಸಲಿಗೆ ಬರುವ ಬ್ರೇಕಿನ ರಬ್ಬರ್ ಹೋಸ್ ಒಂದೇ ಇದ್ದು, ಆ್ಯಕ್ಸಲ್ ಜೋತುಬಿದ್ದರೆ ಅದರ ಮೇಲೆ ಎಳೆತ ಬೀಳುತ್ತದೆ. ಈ ಕೆಲಸದ ಉದ್ದಕ್ಕೂ ಆ ಹೋಸ್ ಮೇಲೆ ಒಂದು ಕಣ್ಣಿರಲಿ. ಅದರ ಮೈಯಲ್ಲಿ ಬಿರುಕು ಕಂಡರೆ ಇದೇ ಸಂದರ್ಭದಲ್ಲಿ ಬದಲಿಸಿ.

ಎರಡು ಬದಿಗಳನ್ನೂ ಒಟ್ಟಿಗೆ ಬಿಚ್ಚಬೇಡಿ. ಒಂದು ಪಾಟಾ ಸ್ಥಾನದಲ್ಲಿದ್ದರೆ ಆ್ಯಕ್ಸಲ್ ಉರುಳದೆ, ಮೂತಿ ಕೆಳಗೆ ಮಾಡದೆ ನಿಂತಿರುತ್ತದೆ ಮತ್ತು ಹೊಸದನ್ನು ಕೂರಿಸುವಾಗ ಹೆಣಗಬೇಕಾಗುವುದಿಲ್ಲ.

ಮೊದಲ ಬದಿಯಲ್ಲಿ ಶಾಕ್ ಅಬ್ಸಾರ್ಬರ್ ಲಿಂಕಿನ ಕೆಳತುದಿಯ ನಟ್ ಬಿಚ್ಚಿ, ಲಿಂಕನ್ನು ಪಾಟಾದ ಅಡಿಯ ಪ್ಲೇಟಿನಿಂದ ಬಿಡಿಸಿ. ಚೆಕ್ ಸ್ಟ್ರ್ಯಾಪ್ ತೆಗೆಯಿರಿ. ಆಮೇಲೆ ಯೂ ಬೋಲ್ಟ್‌ಗಳ ನಾಲ್ಕು ನಟ್. ಹೇಗೂ ಹೊಸ ಯೂ ಬೋಲ್ಟ್ ಹಾಕುವುದರಿಂದ ಇಲ್ಲಿ ಹಟ ಮಾಡುವ ನಟ್ಟನ್ನು ಹ್ಯಾಕ್ಸಾದಿಂದ ಕೊಯ್ಯಲು ಹಿಂಜರಿಯಬೇಕಾಗಿಲ್ಲ. ಗ್ಯಾಸ್ ಜ್ವಾಲೆ ಮತ್ತು ಕಿಡಿ ಹಾರಿಸುವ ಗ್ರೈಂಡರ್ ಮಾತ್ರ ಬೇಡ, ಆ್ಯಕ್ಸಲಿನ ಹಿಂದೆಯೇ, ಡಿಕ್ಕಿಯ ನೆಲದಡಿಯಲ್ಲಿ ಪೆಟ್ರೋಲ್ ಟ್ಯಾಂಕ್ ಇದೆ. ಪ್ಲೇಟ್ ಮತ್ತು ಪ್ಯಾಡುಗಳು ಇಳಿದ ಮೇಲೆ ಶ್ಯಾಕಲಿನ ನಟ್‌ಗಳನ್ನು ಬಿಚ್ಚಿ, ಹೊರಗಿನ ಪಟ್ಟಿ ತೆಗೆದು, ಪಿನ್‌ಗಳನ್ನು ಹಿಂದಕ್ಕೆ ತಟ್ಟಿ ಪಾಟಾದ ಹಿಂದಿನ ತುದಿಯನ್ನು ಕೆಳಗಿಳಿಸಬೇಕು.

ಇಡೀ ಕೆಲಸದಲ್ಲಿ ತಾಳ್ಮೆ ಬೇಡುವುದು ಪಾಟಾದ ಮುಂದಿನ ಕಣ್ಣಿನ ಬೋಲ್ಟ್. ಬುಷ್‌ನ ಒಳಗಿನ ಉಕ್ಕಿನ ಕೊಳವೆಯೊಂದಿಗೆ ಅದು ತುಕ್ಕಿನಿಂದ ಒಂದಾಗಿರುತ್ತದೆ. ತಿರುಗಿಸಿದರೆ ರಬ್ಬರ್ ಸಮೇತ ತಿರುಗುತ್ತದೆಯೇ ಹೊರತು ಹೊರಬರುವುದಿಲ್ಲ. ಸುತ್ತಿಗೆಯಿಂದ ಬಡಿದಷ್ಟೂ ಹ್ಯಾಂಗರಿನ ತಗಡು ಸೊಟ್ಟಗಾಗುತ್ತದೆ. ಎಣ್ಣೆ ಬಿಟ್ಟು, ಹಿಂದೆ ಮುಂದೆ ತಿರುಗಿಸಿ, ಒಂದು ರಾತ್ರಿ ಬಿಟ್ಟು ನೋಡಿ. ಆಗಲೂ ಬಾರದಿದ್ದರೆ ಕಣ್ಣು ಮತ್ತು ಹ್ಯಾಂಗರಿನ ನಡುವಿನ ಸಂದಿಯಲ್ಲಿ ಬ್ಲೇಡ್ ಹಾಕಿ ಎರಡೂ ಬದಿ ಬೋಲ್ಟನ್ನು ಕೊಯ್ಯುವುದೇ ಸರಿಯಾದ ದಾರಿ. ಹೊಸ ಬೋಲ್ಟ್ ಕೈಯಲ್ಲಿರಬೇಕು ಎಂದು ಮೇಲೆ ಹೇಳಿದ್ದು ಇದಕ್ಕಾಗಿಯೇ.

ಬಿಚ್ಚಿದ ಮೇಲೆ ಕಾಣುವುದು

ಹ್ಯಾಂಗರ್‌ಗಳು ಈಗ ಬರಿದಾಗಿ ಕಾಣುತ್ತವೆ, ಇಂಥ ಅವಕಾಶ ಮತ್ತೆ ಹಲವು ವರ್ಷ ಸಿಗುವುದಿಲ್ಲ. ಒಳಗೆ ಸೇರಿದ ಮಣ್ಣನ್ನು ಕೆರೆದು, ತೊಳೆದು, ಪೂರ್ತಿ ಒಣಗಿಸಿ, ಹರಿತವಾದ ಮೊನೆಯಿಂದ ತಗಡನ್ನು ಎಲ್ಲ ಕಡೆ ಚುಚ್ಚಿ ನೋಡಿ. ಮೊನೆ ಒಳಹೋದರೆ ಜೋಡಣೆ ಅಲ್ಲಿಗೆ ನಿಲ್ಲಬೇಕು. ಮೊದಲು ಕೊಳೆತ ಭಾಗ ಕತ್ತರಿಸಿ ಹೊಸ ತಗಡು ಬೆಸೆಯುವ ಕೆಲಸ, ಅದೂ ಟ್ಯಾಂಕ್ ಇಳಿಸಿದ ಮೇಲೆ. ಆ್ಯಕ್ಸಲಿನ ಮುಂದೆ, ಸೀಟಿನ ಹಿಂದೆ ಇರುವ ಬ್ಯಾಟರಿ ಪೆಟ್ಟಿಗೆಗಳ ತಳವನ್ನೂ ನೋಡಿ. ಆಸಿಡ್ ತೊಟ್ಟಿಕ್ಕಿದ ಕಡೆ ತಗಡು ಉಳಿಯುವುದಿಲ್ಲ. ತಗಡು ಗಟ್ಟಿಯಿದ್ದರೆ ತುಕ್ಕುನಿರೋಧಕ ಪ್ರೈಮರ್ ಹಚ್ಚಿ, ಪೇಂಟ್ ಮಾಡಿ, ಒಣಗಲು ಬಿಡಿ.

ಎಂಜಿಬಿಯ ಹಿಂದಿನ ಶಾಕ್ ಅಬ್ಸಾರ್ಬರ್ ನಾವು ನೋಡಿ ರೂಢಿಯಾದ ಉದ್ದನೆಯ ಕೊಳವೆಯಲ್ಲ. ಕಾರಿನ ಬಾಡಿಯ ಮೇಲೆ ಬಿಗಿದ, ಎಣ್ಣೆ ತುಂಬಿದ ಎರಕದ ಪೆಟ್ಟಿಗೆ ಮತ್ತು ಅದರಿಂದ ಹೊರಟ ಒಂದು ತೋಳು. ಲಿಂಕ್ ಬಿಡಿಸಿರುವ ಈಗ ತೋಳನ್ನು ಕೈಯಿಂದ ಪೂರ್ತಿ ಮೇಲಕ್ಕೂ ಕೆಳಕ್ಕೂ ನಿಧಾನವಾಗಿ ಎಳೆಯಿರಿ. ಉದ್ದಕ್ಕೂ ಸಮನಾದ ಬಿಗುವು ಇರಬೇಕು. ನಡುವೆ ಖಾಲಿ ಅನ್ನಿಸಿದರೆ ಎಣ್ಣೆ ಕಡಿಮೆಯಿದೆ: ಫಿಲ್ಲರ್ ಪ್ಲಗ್ ಸುತ್ತಲಿನ ಧೂಳನ್ನು ಪೂರ್ತಿ ಒರೆಸಿ, 20ರ ದರ್ಜೆಯ ಬೈಕ್ ಫೋರ್ಕ್ ಆಯಿಲ್ ತುಂಬಿ, ತೋಳನ್ನು ಹಲವು ಸಲ ಆಡಿಸಿ ಗಾಳಿ ಹೊರಹಾಕಿ. ತೋಳಿನ ಶಾಫ್ಟ್ ಸುತ್ತ ಎಣ್ಣೆ ಸೋರಿದ್ದರೆ ಅಥವಾ ತೋಳು ಪಕ್ಕಕ್ಕೆ ಆಡುತ್ತಿದ್ದರೆ ಎಣ್ಣೆ ತುಂಬಿ ಫಲವಿಲ್ಲ, ಒಳಗಿನ ಬೇರಿಂಗ್ ಮತ್ತು ಸೀಲ್ ಹೋಗಿವೆ. ಲಿಂಕಿನ ರಬ್ಬರ್ ಹರಿದಿದ್ದರೆ ಲಿಂಕನ್ನೂ ಬದಲಿಸಿ.

ಜೋಡಣೆ

ಹೊಸ ಪಾಟಾವನ್ನು ಹಳೆಯದರ ಪಕ್ಕ ಮಲಗಿಸಿ, ಸೆಂಟರ್ ಬೋಲ್ಟಿನಿಂದ ಎರಡೂ ಕಣ್ಣುಗಳ ದೂರ ಅಳೆದು ಹೋಲಿಸಿ. ಎಲೆಗಳ ಸಂಖ್ಯೆ ಬೇರೆಯಿರಬಹುದು, ಈ ದೂರ ಮಾತ್ರ ಬೇರೆಯಾಗಬಾರದು. ಮುಂದಿನ ಕಣ್ಣಿಗೆ ಬುಷ್ ಒತ್ತುವಾಗ ಒತ್ತಡ ಹೊರಗಿನ ಕವಚದ ಮೇಲೆ ಬೀಳಬೇಕೇ ಹೊರತು ರಬ್ಬರಿನ ಮೇಲಲ್ಲ, ಕೂತ ಮೇಲೆ ಬುಷ್ ಎರಡೂ ಬದಿಗೆ ಸಮವಾಗಿ ಹೊರಚಾಚಿರಬೇಕು. ಬೋಲ್ಟಿನ ಮೈಗೆ ತಾಮ್ರದ ಆ್ಯಂಟಿ-ಸೀಜ್ ಗ್ರೀಸ್ ತೆಳುವಾಗಿ ಹಚ್ಚಿ, ಮುಂದಿನವರಿಗೆ ಹ್ಯಾಕ್ಸಾ ಬೇಕಾಗದಿರಲಿ. ಶ್ಯಾಕಲಿನ ಅರ್ಧ ಬುಷ್‌ಗಳಿಗೆ ಸಾಮಾನ್ಯ ಗ್ರೀಸ್ ತಾಗಿಸಬಾರದು, ಪೆಟ್ರೋಲಿಯಂ ಗ್ರೀಸ್ ರಬ್ಬರನ್ನು ಉಬ್ಬಿಸಿ ಕೊಳೆಸುತ್ತದೆ. ಸೋಪಿನ ನೀರು ಸಾಕು.

ಮುಂದಿನ ತುದಿಯನ್ನು ಹ್ಯಾಂಗರಿಗೆ ಏರಿಸಿ ಬೋಲ್ಟ್ ತೂರಿಸಿ, ನಟ್ಟನ್ನು ಕೈಬಿಗಿಯಷ್ಟೇ ಇಡಿ. ಹಿಂದಿನ ತುದಿಗೆ ಶ್ಯಾಕಲ್ ಮತ್ತು ಬುಷ್ ಕೂರಿಸಿ, ಅಲ್ಲಿಯೂ ಕೈಬಿಗಿ ಮಾತ್ರ. ಪ್ಯಾಡುಗಳನ್ನು ಇಟ್ಟು, ಜಾಕಿನಿಂದ ಆ್ಯಕ್ಸಲನ್ನು ಪಾಟಾದ ಮೇಲೆ ಇಳಿಸುವಾಗ ಸೆಂಟರ್ ಬೋಲ್ಟಿನ ತಲೆ ತನ್ನ ತೂತಿನೊಳಗೆ ಸರಿಯಾಗಿ ಕೂತಿದೆಯೇ ಎಂದು ಬೆರಳಿನಿಂದ ಮುಟ್ಟಿ ನೋಡಬೇಕು. ಈ ತಲೆ ಅಂಚಿನ ಮೇಲೆ ನಿಂತಿರುವಾಗಲೇ ಯೂ ಬೋಲ್ಟ್ ಬಿಗಿದುಬಿಟ್ಟರೆ ಆ್ಯಕ್ಸಲ್ ಶಾಶ್ವತವಾಗಿ ಓರೆಯಾಗುತ್ತದೆ, ಜೊತೆಗೆ ಬೋಲ್ಟ್ ಕತ್ತರಿಸುತ್ತದೆ. ಯೂ ಬೋಲ್ಟಿನ ನಾಲ್ಕು ನಟ್‌ಗಳನ್ನು ಕರ್ಣಾಕಾರವಾಗಿ, ಸ್ವಲ್ಪ ಸ್ವಲ್ಪವೇ ಬಿಗಿಯುತ್ತ, ನಾಲ್ಕೂ ತುದಿಗಳಲ್ಲಿ ಹೊರಚಾಚಿದ ಮರೆಯ ಉದ್ದ ಸಮವಾಗಿರುವಂತೆ ನೋಡಿಕೊಂಡು ಮ್ಯಾನುಯಲ್ ಹೇಳಿದ ಬಿಗಿತಕ್ಕೆ ತನ್ನಿ. ಚೆಕ್ ಸ್ಟ್ರ್ಯಾಪ್ ಮತ್ತು ಶಾಕ್ ಲಿಂಕ್ ಜೋಡಿಸಿ, ಇದೇ ಕ್ರಮವನ್ನು ಇನ್ನೊಂದು ಬದಿಗೆ ಅನುಸರಿಸಿ.

ಕೊನೆಯ ಬಿಗಿತ

ಮುಂದಿನ ಬುಷ್‌ನಲ್ಲಿ ರಬ್ಬರ್ ತನ್ನ ಒಳಕೊಳವೆಗೂ ಹೊರಕವಚಕ್ಕೂ ಅಂಟಿಕೊಂಡಿರುತ್ತದೆ. ಬೋಲ್ಟ್ ಬಿಗಿದ ಕ್ಷಣದಿಂದ ಒಳಕೊಳವೆ ಹ್ಯಾಂಗರಿಗೆ ಕಚ್ಚಿಕೊಂಡು ನಿಲ್ಲುತ್ತದೆ, ಪಾಟಾದ ಪ್ರತಿ ಚಲನೆಯೂ ರಬ್ಬರನ್ನು ತಿರುಚುತ್ತದೆ. ಆ್ಯಕ್ಸಲ್ ಕೆಳಗೆ ಜೋತಿರುವಾಗ ಬಿಗಿದರೆ ಆ ಜೋತ ಸ್ಥಿತಿಯೇ ರಬ್ಬರಿಗೆ ವಿಶ್ರಾಂತಿ ಸ್ಥಿತಿಯಾಗಿ, ಕಾರು ನೆಲಕ್ಕಿಳಿದಾಗ ಅದು ಸದಾ ತಿರುಚಿಕೊಂಡೇ ಇರುತ್ತದೆ. ಕಾರು ಬೇಕಾದದ್ದಕ್ಕಿಂತ ಎತ್ತರ ನಿಲ್ಲುತ್ತದೆ, ಕೆಲವೇ ತಿಂಗಳಲ್ಲಿ ಹೊಸ ಬುಷ್ ಹರಿಯುತ್ತದೆ. ಕೈಬಿಗಿ ಎಂದು ಮೇಲೆ ಮತ್ತೆ ಮತ್ತೆ ಹೇಳಿದ್ದು ಈ ಕಾರಣಕ್ಕೆ.

ಚಕ್ರ ಹಾಕಿ, ಕಾರನ್ನು ನೆಲಕ್ಕಿಳಿಸಿ, ಹಿಂಭಾಗವನ್ನು ಹಲವು ಸಲ ಒತ್ತಿ ಬಿಟ್ಟು, ಕಣದ ಮೇಲೆಯೇ ಸ್ವಲ್ಪ ಹಿಂದೆ ಮುಂದೆ ತಳ್ಳಿ. ಲಾರಿ ಕಾರ್ಯಾಗಾರದ ಪಿಟ್ ಸಿಕ್ಕರೆ ಅದರ ಮೇಲೆ ನಿಲ್ಲಿಸಿ ಮುಂದಿನ ಬೋಲ್ಟ್ ಮತ್ತು ಶ್ಯಾಕಲಿನ ನಟ್‌ಗಳಿಗೆ ಪೂರ್ಣ ಬಿಗಿತ ಕೊಡಿ. ಪಿಟ್ ಇಲ್ಲದಿದ್ದರೆ ಆ್ಯಕ್ಸಲ್ ಕೊಳವೆಗಳ ಅಡಿಗೆ, ಪಾಟಾದ ಆದಷ್ಟು ಹತ್ತಿರ, ಎರಡು ಸ್ಟ್ಯಾಂಡ್ ಇಟ್ಟು ಬಾಡಿಯ ಪೂರ್ತಿ ಭಾರವನ್ನು ಆ್ಯಕ್ಸಲಿನ ಮೇಲೆ ಇಳಿಸಿದರೂ ಪಾಟಾ ನೆಲದಲ್ಲಿರುವಷ್ಟೇ ಬಾಗುತ್ತದೆ.

ಆಮೇಲೆ ಮತ್ತೆ ಅಳತೆಪಟ್ಟಿ. ಸ್ಟೇರಿಂಗ್ ನೇರವಿಟ್ಟು ಎರಡೂ ಬದಿಗೆ ಮುಂದಿನ ಹಬ್‌ನಿಂದ ಹಿಂದಿನ ಹಬ್‌ನವರೆಗೆ ಅಳೆಯಿರಿ. ಈ ಕಾರಿನ ವ್ಹೀಲ್‌ಬೇಸ್ 91 ಇಂಚು, ಅಂದರೆ 2311 ಮಿಲಿಮೀಟರ್. ಎರಡು ಬದಿಗಳ ನಡುವೆ ಎದ್ದುಕಾಣುವ ವ್ಯತ್ಯಾಸವಿದ್ದರೆ ಸೆಂಟರ್ ಬೋಲ್ಟ್ ಕೂತಿರುವ ಬಗೆಯನ್ನು ಮತ್ತೆ ಪರಿಶೀಲಿಸಬೇಕು. ಟೈರ್ ಮತ್ತು ಮಡ್‌ಗಾರ್ಡ್ ಒಳಅಂಚಿನ ಅಂತರವನ್ನೂ ಎರಡೂ ಕಡೆ ನೋಡಿ.

ಓಡಿಸಿ ನೋಡುವುದು

ಮೊದಲ ಓಟಕ್ಕೆ ಗಿರಿ ಬೇಡ. ಕಡೂರು ರಸ್ತೆಯಂಥ ನೇರ ದಾರಿಯಲ್ಲಿ ಮಧ್ಯಮ ವೇಗದಲ್ಲಿ ಹೋಗಿ, ವಾಹನವಿಲ್ಲದ ಕಡೆ ಬ್ರೇಕ್ ಒತ್ತಿ ಕಾರು ನೇರ ನಿಲ್ಲುತ್ತದೆಯೇ, ಆ್ಯಕ್ಸಲರೇಟರ್ ಒತ್ತಿದಾಗ ಮತ್ತು ಬಿಟ್ಟಾಗ ಹಿಂಭಾಗ ಒಂದು ಪಕ್ಕಕ್ಕೆ ಎಳೆಯುತ್ತದೆಯೇ ಎಂದು ಗಮನಿಸಿ. ಹೊಸ ಪಾಟಾ ಆರಂಭದಲ್ಲಿ ತುಸು ಎತ್ತರವಾಗಿಯೂ ಗಡುಸಾಗಿಯೂ ಇರುವುದು ಸಹಜ, ಎಲೆಗಳು ಹೊಂದಿಕೊಂಡಂತೆ ಅದು ಇಳಿಯುತ್ತದೆ.

ಸುಮಾರು 100 ಕಿಲೋಮೀಟರ್ ಓಡಿದ ಮೇಲೆ ಯೂ ಬೋಲ್ಟ್‌ಗಳನ್ನು ಮತ್ತೆ ಟಾರ್ಕ್ ರೆಂಚ್‌ನಿಂದ ಪರೀಕ್ಷಿಸಬೇಕು. ಹೊಸ ರಬ್ಬರ್ ಪ್ಯಾಡುಗಳು ಒತ್ತಿಕೊಂಡಷ್ಟು ನಟ್ ಸಡಿಲವಾಗಿರುತ್ತದೆ. 500 ಕಿಲೋಮೀಟರಿಗೆ ಇನ್ನೊಮ್ಮೆ ನೋಡಿ, ಆಗ ಹಬ್‌ನಿಂದ ಮಡ್‌ಗಾರ್ಡಿನ ಎತ್ತರವನ್ನೂ ಅಳೆದು ಮೊದಲ ಪಟ್ಟಿಯ ಪಕ್ಕದಲ್ಲಿ ಬರೆದಿಡಿ. ಆ ಪರೀಕ್ಷೆ ಮುಗಿದ ಮೇಲೆ ಮುಳ್ಳಯ್ಯನಗಿರಿಯ ಕಡಿದಾದ ದಾರಿಗೆ ಕಾರನ್ನು ತಿರುಗಿಸಬಹುದು. ಪ್ರತಿ ವರ್ಷ ಮಳೆ ನಿಂತ ಕೂಡಲೇ, ಮಣ್ಣು ಗಟ್ಟಿಯಾಗುವ ಮೊದಲು, ಹ್ಯಾಂಗರ್‌ಗಳ ಒಳಗೆ ನೀರು ಹಾಯಿಸಿ ತೊಳೆದು, ಒಣಗಿಸಿ, ಶ್ಯಾಕಲಿನ ಸುತ್ತ ಕಂದುಗೆಂಪು ಹುಡಿ ಕಾಣುತ್ತಿದೆಯೇ ಎಂದು ನೋಡಿ.